ತಪ್ಪು ಶವರ್‌ದಲ್ಲ, ನಳದ್ದು

ರಾತ್ರಿ ಹನ್ನೊಂದಾದರೂ ಬಚ್ಚಲಿನಿಂದ ತೊಟ್... ತೊಟ್... ಧಾರವಾಡದ ನಮ್ಮ ಮನೆಯಲ್ಲಿ ಈ ಸದ್ದು ಒಂದು ವಾರ ನಿದ್ದೆ ಕೆಡಿಸಿತು. ಶವರ್ ಹಳೇದಾಯಿತು ಅಂದುಕೊಂಡು ಹೊಸದೊಂದು ತಂದು ಕೂರಿಸಿದೆ. ಅದೂ ತೊಟ್ಟಿಕ್ಕಿತು!

ಸ್ವಲ್ಪ ಯೋಚಿಸಿದ್ದರೆ ದುಡ್ಡು ಉಳಿಯುತ್ತಿತ್ತು. ಶವರ್ ಅಂದರೆ ತೂತು ಬಿದ್ದ ಬಟ್ಟಲು, ಅಷ್ಟೇ. ನೀರು ತಡೆಯುವ ಕೆಲಸ ಅದರದಲ್ಲ, ಕೆಳಗಿನ ನಳದ್ದು.

ಹಾಗಂತ ಪ್ರತಿ ಹನಿಯೂ ಸೋರಿಕೆಯಲ್ಲ. ನಳ ಬಂದ್ ಮಾಡಿದ ಮೇಲೂ ಶವರ್ ಹೊಟ್ಟೆಯಲ್ಲಿ ಒಂದಿಷ್ಟು ನೀರು ಉಳಿದಿರುತ್ತದೆ. ಸಣ್ಣ ತೂತುಗಳ ಬಾಯಲ್ಲಿ ನೀರಿನ ಮೇಲ್ಮೈ ಸೆಳೆತ ಅದನ್ನು ಹಿಡಿದಿಡುತ್ತದೆ. ಗಾಳಿ ಒಳಗೆ ಹೋಗದೆ ನೀರು ಹೊರಗೆ ಬರಲ್ಲ. ಎಳನೀರಿನ ಸ್ಟ್ರಾ ತುದಿಗೆ ಬೆರಳು ಒತ್ತಿ ಮೇಲೆತ್ತಿ ನೋಡಿ, ಅದೇ ಆಟ. ಒಂದು ತೂತಿನಲ್ಲಿ ಗಾಳಿಗುಳ್ಳೆ ನುಗ್ಗಿದರೆ ಇನ್ನೊಂದರಿಂದ ನಾಲ್ಕು ಹನಿ ಬೀಳುತ್ತವೆ. ಸ್ವಲ್ಪ ಹೊತ್ತಿಗೆ ನಿಂತರೆ ಸುಮ್ನೆ ಬಿಡಿ. ಬೆಳಗಿನವರೆಗೂ ನಿಲ್ಲದಿದ್ದರೆ ನಳದ ವಾಷರ್ ಹೋಗಿದೆ ಅಂತಲೇ ಲೆಕ್ಕ.

ಒಂದು ಹನಿ ಏನು ಮಹಾ ಅಂತೀರಾ? ಸುಮಾರು 20 ಹನಿಗೆ 1 ಮಿಲಿಲೀಟರ್. ಸೆಕೆಂಡಿಗೆ ಒಂದರಂತೆ ದಿನಕ್ಕೆ 86,400 ಹನಿ, 4 ಲೀಟರಿಗೂ ಜಾಸ್ತಿ. ವಾರಕ್ಕೆ ಎರಡು ಕೊಡ. ಸವದತ್ತಿ ಜಲಾಶಯದಿಂದ ಬರುವ ಮಲಪ್ರಭೆ ನೀರಿಗೆ ‘ನಳ ಯಾವಾಗ ಬರ್ತದ’ ಅಂತ ಕಾದವರಿಗೆ ಎರಡು ಕೊಡ ಅಂದರೇನು ಅಂತ ಹೇಳಬೇಕಿಲ್ಲ.

ಮೊದಲು ಟ್ಯಾಂಕಿನ ವಾಲ್ವ್ ಬಂದ್ ಮಾಡಿ. ಬಚ್ಚಲ ತೂಬಿಗೆ ಬಟ್ಟೆ ತುರುಕಿ (ನನ್ನದೊಂದು ಸ್ಕ್ರೂ ಅಲ್ಲೇ ಹೋಯಿತು). ಹಿಡಿ ತೆಗೆದು ಪಾನಾ ಹಾಕಿ ಸ್ಪಿಂಡಲ್ (ಹಿಡಿ ತಿರುವಿದಾಗ ನಳದೊಳಗೆ ತಿರುಗುವ ಭಾಗ) ಬಿಚ್ಚಿ. ತುದಿಯಲ್ಲಿ ಕರೀ ರಬ್ಬರ್ ವಾಷರ್ ಇರುತ್ತದೆ. ನನ್ನದರ ಮೇಲೆ ಉಂಗುರ ಒತ್ತಿದ ಹಾಗೆ ಆಳವಾದ ಗೆರೆ ಬಿದ್ದಿತ್ತು. ಒಂದು ಕಡೆ ಸೀಳಿತ್ತು. ಉಗುರು ಒತ್ತಿದರೆ ಇಳಿಯದಷ್ಟು ಗಟ್ಟಿ. ಮೆತ್ತಗಿರುವ ರಬ್ಬರ್ ನಳದೊಳಗಿನ ಹಿತ್ತಾಳೆ ಅಂಚಿಗೆ ಅಂಟಿ ಕೂತು ಸಂದು ಮುಚ್ಚುತ್ತದೆ, ಬಿರುಸಾದದ್ದು ಮುಚ್ಚಲ್ಲ. ಆಗ ನಾವು ಇನ್ನೂ ಜೋರಾಗಿ ತಿರುವುತ್ತೇವೆ, ಗೆರೆ ಇನ್ನೂ ಆಳವಾಗುತ್ತದೆ. ಹಳೇದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತಂದೆ. 10 ರೂಪಾಯಿ. ಕಾಲು ಸುತ್ತಿಗೇ ಬಂದ್ ಆಗುವ ನಳದಲ್ಲಿ ಮಾತ್ರ ಸೆರಾಮಿಕ್ ಬಿಲ್ಲೆಗಳಿರುತ್ತವೆ, ಅಲ್ಲಿ ಸ್ಪಿಂಡಲನ್ನೇ ಬದಲಿಸಬೇಕು.

ಹಳೇ ಶವರ್ ಎಸೆದಿರಲಿಲ್ಲ. ಬೋರ್ ನೀರಿನ ಸುಣ್ಣ ಕಟ್ಟಿ ಅರ್ಧ ತೂತು ಮುಚ್ಚಿದ್ದವು. ನೀರು ಆರಿದಾಗಲೆಲ್ಲ ಉಳಿದುಹೋದ ಕ್ಯಾಲ್ಸಿಯಂ ಕಾರ್ಬೊನೇಟ್ ಅದು. ಲಿಂಬೆರಸದಲ್ಲಿ ಅದ್ದಿಟ್ಟೆ. ಪುಟಾಣಿ ಗುಳ್ಳೆ ಎದ್ದವು. ಹುಳಿಗೆ ಸುಣ್ಣ ಕರಗುವಾಗ ಬರುವ ಕಾರ್ಬನ್ ಡೈಆಕ್ಸೈಡ್ ಅದು, ಸೋಡಾ ಬಾಟಲಿಯದೇ ಗಾಳಿ. ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ, ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ, ಹೊಸದನ್ನು ಬಿಚ್ಚಿ ಅದನ್ನೇ ಮತ್ತೆ ಹಾಕಿದೆ. ಹೊಸದು ಡಬ್ಬಿ ಸಮೇತ ಅಟ್ಟದ ಮೇಲಿದೆ.