ಬಿಟ್‌ಕಾಯಿನ್ ಕೊಟ್ಟು ಫೋನ್ ಕೊಂಡರೆ ತೆರಿಗೆ ಎಷ್ಟು?

ಜುಲೈ ಬಂತೆಂದರೆ ಕಲಬುರಗಿಯ ನಮ್ಮ ಆಫೀಸಿಗೆ ರಿಟರ್ನ್ ಫೈಲ್ ಮಾಡಿಸಲು ಬರುವ ಹುಡುಗರಲ್ಲಿ ಒಬ್ಬರಾದರೂ ಈ ಮಾತು ತೆಗೆಯುತ್ತಾರೆ: "ಸರ್, ನೋಟು ಸರ್ಕಾರದ್ದು, ಮನಸ್ಸು ಬಂದಾಗ ಬಂದ್ ಮಾಡ್ತಾರ. ಬಿಟ್‌ಕಾಯಿನ್ ಹಂಗಲ್ರಿ, ಅದು ಯಾರ ಕೈಯಾಗೂ ಇಲ್ಲ." 2016ರ ನವೆಂಬರ್ 8ರ ನಂತರದ ದಿನಗಳಲ್ಲಿ ಬ್ಯಾಂಕಿನ ಮುಂದೆ ನಿಂತವರಿಗೆ ಇದು ಸುಮ್ನೆ ಮಾತು ಅನ್ನಿಸುವುದಿಲ್ಲ. ದೂರು ನಿಜವೇ. ರೂಪಾಯಿ ಬಿಟ್ಟು ಬಿಟ್‌ಕಾಯಿನ್ ಎಂಬ ಇಂಟರ್ನೆಟ್ ದುಡ್ಡು ಹಿಡಿಯುವ ಮದ್ದು ಸರಿಯೇ ಅನ್ನುವುದು ಬೇರೆ ಪ್ರಶ್ನೆ.

ತಂತ್ರಜ್ಞಾನ ಪಕ್ಕಕ್ಕಿಡಿ, ನನ್ನ ಕಸುಬಿನ ಲೆಕ್ಕ ಹೇಳುತ್ತೇನೆ. ನೀವು 20,000 ರೂಪಾಯಿಗೆ ಕೊಂಡ ಬಿಟ್‌ಕಾಯಿನ್ ತುಣುಕು ಈಗ 50,000 ಬಾಳುತ್ತದೆ ಅಂದುಕೊಳ್ಳಿ. ಅದನ್ನೇ ಕೊಟ್ಟು ಫೋನ್ ತಗೊಂಡಿರಿ. ನಿಮ್ಮ ಪ್ರಕಾರ ಅದು ಖರ್ಚು, ಕಾನೂನಿನ ಪ್ರಕಾರ ಮಾರಾಟ! 2022ರ ಏಪ್ರಿಲ್ 1ರಿಂದ ಇಂಥ ಲಾಭಕ್ಕೆ 30% ತೆರಿಗೆ, ಮೇಲೆ 4% ಸೆಸ್. ಅಂದರೆ 30,000 ಲಾಭಕ್ಕೆ 9,360 ರೂಪಾಯಿ, ಅದೂ ರೂಪಾಯಿಯಲ್ಲೇ ಕಟ್ಟಬೇಕು. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚೂ ಕಳೆಯುವ ಹಾಗಿಲ್ಲ. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಇದರ ಮೇಲೆ, ವರ್ಷದ ವ್ಯವಹಾರ ಮಿತಿ ದಾಟಿದರೆ, 1% ಟಿಡಿಎಸ್ (ಮೊದಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ತಲೆನೋವು ಕಾಯಿನ್ ಪಡೆಯುವ ಅಂಗಡಿಯವನಿಗೆ. ಚಹಾ ಕುಡಿದಾಗಲೆಲ್ಲ ಲಾಭ-ನಷ್ಟ ಬರೆದಿಡಬೇಕಾದ ದುಡ್ಡನ್ನು ಯಾರು ಬಳಸುತ್ತಾರೆ ಹೇಳಿ.

ಇನ್ನು ಬೆಲೆಯ ಏರಿಳಿತ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್‌ಗೆ ಸುಮಾರು 69,000 ಡಾಲರ್ ಇತ್ತು. ಒಂದು ವರ್ಷದಲ್ಲಿ 16,000ದ ಆಸುಪಾಸಿಗೆ ಇಳಿಯಿತು. ಗಂಜಿನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ತೊಗರಿ ಮಾರಿದ ರೈತ ಬೀಜದ ಸಾಲ, ಗೊಬ್ಬರದ ಬಾಕಿ ಎಲ್ಲವನ್ನೂ ರೂಪಾಯಿಯಲ್ಲೇ ತೀರಿಸಬೇಕು. ತೊಗರಿ ದರವೇ ಅವನ ನಿದ್ದೆ ಕೆಡಿಸಿರುವಾಗ ಕೈಗೆ ಬಂದ ದುಡ್ಡಿನ ದರವೂ ದಿನಾ ಕುಣಿದರೆ ಏನು ಮಾಡಬೇಕು?

ನಮ್ಮ ಭಾಗ ಎರಡು ದುಡ್ಡು ಕಂಡದ್ದೇ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೂ ನಿಜಾಮರ ರೂಪಾಯಿಯಾದ ಹಾಲಿ ಸಿಕ್ಕಾ ಕೆಲವು ವರ್ಷ ಭಾರತದ ರೂಪಾಯಿ ಜೊತೆಗೇ ಓಡಾಡಿತು, ಏಳು ಹಾಲಿಗೆ ಆರು ರೂಪಾಯಿ ಲೆಕ್ಕದಲ್ಲಿ. ಅದು ನಡೆದದ್ದು ದರ ಕಟ್ಟಾಗಿದ್ದರಿಂದ, ಹಿಂದೆ ಸರ್ಕಾರ ನಿಂತಿದ್ದರಿಂದ. ಬಿಟ್‌ಕಾಯಿನ್‌ಗೆ ಎರಡೂ ಇಲ್ಲ. 2.1 ಕೋಟಿ ನಾಣ್ಯದ ಮಿತಿ ಇದೆ ನಿಜ, ಆದರೆ ಮಿತಿ ಇದ್ದ ಮಾತ್ರಕ್ಕೆ ಬೆಲೆ ನಿಲ್ಲುವುದಿಲ್ಲ. ಸರ್ಕಾರವೇ ಹಿಂದೆ ನಿಂತು ನೋಡಿದ ದೇಶವೂ ಇದೆ: ಎಲ್ ಸಾಲ್ವಡಾರ್ 2021ರಲ್ಲಿ ಬಿಟ್‌ಕಾಯಿನ್‌ಗೆ ಕಾನೂನು ಮಾನ್ಯತೆ ಕೊಟ್ಟಿತು, ವ್ಯಾಲೆಟ್ ತೆಗೆದವರಿಗೆ 30 ಡಾಲರ್ ಬೋನಸ್ಸೂ ಹಾಕಿತು. ಆದರೂ ಜನ ಡಾಲರ್ ಬಿಡಲಿಲ್ಲ. ಅಂಗಡಿಯವರು ಬಿಟ್‌ಕಾಯಿನ್ ತಗೊಳ್ಳಲೇಬೇಕು ಅನ್ನುವ ಕಡ್ಡಾಯವನ್ನು 2025ರಲ್ಲಿ ತೆಗೆದೇ ಹಾಕಿದರು.

"ಹಂಗಾದ್ರ ಯುಎಸ್‌ಡಿಟಿ ಇಡ್ತೀನ್ರಿ, ಅದು ಏರೂದಿಲ್ಲ ಇಳಿಯೂದಿಲ್ಲ" ಅನ್ನುವವರೂ ಇದ್ದಾರೆ. ಅದು ಡಾಲರ್‌ಗೆ ಕಟ್ಟಿದ ಕಾಯಿನ್. ಅಂದರೆ ನಮ್ಮ ಸರ್ಕಾರದ ದುಡ್ಡು ಬೇಡ ಅಂತ ಅಮೆರಿಕದ ಸರ್ಕಾರದ ದುಡ್ಡಿಗೆ ಜೋತು ಬಿದ್ದಂತಾಯಿತು, ಮಧ್ಯೆ ಒಂದು ಖಾಸಗಿ ಕಂಪನಿ ಬೇರೆ. ಆ ಕಂಪನಿಗೆ ನಿಮ್ಮ ವ್ಯಾಲೆಟ್‌ನಲ್ಲಿರುವ ಕಾಯಿನ್ ತಡೆಹಿಡಿಯುವ ಅಧಿಕಾರ ಇದೆ, ಅದನ್ನು ಬಳಸಿಯೂ ಇದೆ. ತಮ್ಮ ದೇಶದ ಹಣ ನೀರಿನಂತೆ ಕರಗುತ್ತಿರುವ ಕಡೆ, ಅರ್ಜೆಂಟೀನಾದಂಥಲ್ಲಿ, ಜನ ಇದನ್ನು ಹಿಡಿದದ್ದು ನನಗೆ ಅರ್ಥವಾಗುತ್ತದೆ. ರೂಪಾಯಿ ಆ ಸ್ಥಿತಿಯಲ್ಲಿಲ್ಲ, ಅಲ್ವಾ?

ನನ್ನ ಟೇಬಲ್ಲಿಗೆ ಬರುವ ನಿಜವಾದ ಗೋಳು ಪಿಟುಪಿ, ಅಂದರೆ ಒಬ್ಬರಿಂದ ಒಬ್ಬರಿಗೆ ನೇರ ಮಾರಾಟದ್ದು. ಗುರುತಿಲ್ಲದವನಿಗೆ ಕಾಯಿನ್ ಮಾರುತ್ತಾರೆ, ಖಾತೆಗೆ ದುಡ್ಡು ಬರುತ್ತದೆ. ಅದು ಬೇರೆ ಯಾರಿಗೋ ಮೋಸ ಮಾಡಿ ತೆಗೆದ ದುಡ್ಡಾಗಿದ್ದರೆ ಯಾವುದೋ ರಾಜ್ಯದ ಸೈಬರ್ ಪೊಲೀಸರ ಸೂಚನೆ ಮೇಲೆ ನಿಮ್ಮ ಖಾತೆಯೇ ಫ್ರೀಜ್ ಆಗುತ್ತದೆ. ಸಂಬಳದ ಖಾತೆ ಆಗಿದ್ದರೆ ಮನೆ ಬಾಡಿಗೆಗೂ ಪರದಾಟ. ಸರ್ಕಾರದ ಹಿಡಿತ ಬೇಡ ಅಂತ ಹೋದವರು ಕೊನೆಗೆ ಬ್ಯಾಂಕು, ಠಾಣೆ ಎರಡಕ್ಕೂ ಅಲೆಯುತ್ತಾರೆ.

ಕ್ರಿಪ್ಟೊ, ಅಂದರೆ ಇಂಥ ಕಾಯಿನ್, ಇಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹೋದರೂ ಪರವಾಗಿಲ್ಲ ಅನ್ನುವಷ್ಟನ್ನೇ ಹಾಕಿ, ಅದು ಸಟ್ಟಾ ಅಂತ ಗೊತ್ತಿದ್ದೇ ಹಾಕಿ. ಮಾರುವುದಿದ್ದರೆ ಸರ್ಕಾರದಲ್ಲಿ ನೋಂದಣಿಯಾದ ಎಕ್ಸ್‌ಚೇಂಜ್ (ಕಾಯಿನ್ ಕೊಳ್ಳಲು-ಮಾರಲು ಇರುವ ಕಂಪನಿ) ಮೂಲಕವೇ ಮಾರಿ. ಕೊಂಡ ದಿನ, ಬೆಲೆ, ಟಿಡಿಎಸ್ ಇರುವ ಸ್ಟೇಟ್‌ಮೆಂಟ್ ಇಳಿಸಿಕೊಂಡು ಇಟ್ಟುಕೊಳ್ಳಿ. ರಿಟರ್ನ್‌ನಲ್ಲಿ ಇದಕ್ಕೆ ಪ್ರತ್ಯೇಕ ಷೆಡ್ಯೂಲ್ ಇದೆ, ಅದನ್ನು ಖಾಲಿ ಬಿಟ್ಟು ಬರಬೇಡಿ.