ರಾಜ್ಯವನ್ನು ಕೇಳಬೇಕು, ಅದು ಒಪ್ಪಲೇಬೇಕೆಂದಿಲ್ಲ: ಸಂವಿಧಾನದ 3ನೇ ವಿಧಿ

ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯದ ಮಾತು ಎದ್ದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ನಮ್ಮ ವಿಧಾನಸಭೆ ಒಪ್ಪಬೇಕಲ್ವಾ? ಬೇಕಿಲ್ಲ. ಸಂವಿಧಾನದ ಪ್ರಕಾರ ಆ ಅಧಿಕಾರ ಸಂಸತ್ತಿನದು.

3ನೇ ವಿಧಿ ಹೇಳುವುದು ಇಷ್ಟು. ಸಂಸತ್ತು ಒಂದು ಕಾನೂನು ಮಾಡಿ ಯಾವುದೇ ರಾಜ್ಯದ ಒಂದು ಭಾಗವನ್ನು ಬೇರೆ ಮಾಡಿ ಹೊಸ ರಾಜ್ಯ ಕಟ್ಟಬಹುದು, ಎರಡು ರಾಜ್ಯಗಳನ್ನು ಕೂಡಿಸಬಹುದು, ಗಡಿ ಬದಲಿಸಬಹುದು, ಒಂದು ರಾಜ್ಯವನ್ನು ದೊಡ್ಡದೋ ಚಿಕ್ಕದೋ ಮಾಡಬಹುದು, ಹೆಸರನ್ನೂ ಬದಲಿಸಬಹುದು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕ ಆಯಿತಲ್ಲ, ಅದಕ್ಕೂ ಸಂಸತ್ತಿನ ಕಾನೂನೇ ಬೇಕಾಯಿತು.

ಷರತ್ತು ಎರಡೇ. ಮಸೂದೆ ಮಂಡಿಸಲು ರಾಷ್ಟ್ರಪತಿಯ ಶಿಫಾರಸು ಬೇಕು. ಯಾವ ರಾಜ್ಯದ ನೆಲ, ಗಡಿ ಅಥವಾ ಹೆಸರಿಗೆ ಕೈ ಹಾಕುತ್ತಾರೋ ಆ ರಾಜ್ಯದ ವಿಧಾನಮಂಡಲಕ್ಕೆ ರಾಷ್ಟ್ರಪತಿ ಮಸೂದೆಯನ್ನು ಕಳಿಸಿ, ಇಂತಿಷ್ಟು ದಿನದಲ್ಲಿ ಅಭಿಪ್ರಾಯ ತಿಳಿಸಿ ಎಂದು ಕೇಳಬೇಕು. ಈ ಗಡುವು ಮೊದಲು ಇರಲಿಲ್ಲ. 1955ರಲ್ಲಿ 5ನೇ ತಿದ್ದುಪಡಿಯ ಮೂಲಕ ಸೇರಿಸಿದರು, ಉತ್ತರ ಕೊಡದೆ ಸುಮ್ನೆ ಕುಳಿತು ಯಾವ ರಾಜ್ಯವೂ ಕೆಲಸ ನಿಲ್ಲಿಸಬಾರದು ಅಂತ. ರಾಜ್ಯ ಬೇಡ ಅಂದರೂ ಸಂಸತ್ತು ಮುಂದುವರಿಯಬಹುದು, ಅದೂ ಸರಳ ಬಹುಮತದಲ್ಲಿ. ಇಂಥ ಕಾನೂನನ್ನು ಸಂವಿಧಾನ ತಿದ್ದುಪಡಿ ಎಂದು ಲೆಕ್ಕಿಸುವಂತಿಲ್ಲ ಅಂತ 4ನೇ ವಿಧಿ ಹೇಳುವುದರಿಂದ ಮೂರನೇ ಎರಡರಷ್ಟು ಮತದ ಮಾತೇ ಬರುವುದಿಲ್ಲ.

ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ಒಂದು ರಾಜ್ಯವನ್ನು ಒಡೆಯಬೇಕಾದರೆ ಆ ರಾಜ್ಯದ ಶಾಸನಸಭೆಯ ಒಪ್ಪಿಗೆಯೇ ಬೇಕು.

ಇಲ್ಲಿ ಯಾಕೆ ಇಷ್ಟು ಸಲೀಸು? 1950ರಲ್ಲಿ ಇದ್ದ ರಾಜ್ಯಗಳನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಬ್ರಿಟಿಷರ ಪ್ರಾಂತ್ಯಗಳು, ರಾಜರ ಸಂಸ್ಥಾನಗಳು ಹೇಗಿದ್ದವೋ ಹೆಚ್ಚುಕಮ್ಮಿ ಹಾಗೇ ಉಳಿದಿದ್ದವು. ಕನ್ನಡಿಗರನ್ನೇ ನೋಡಿ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಮುಂಬೈ ರಾಜ್ಯದಲ್ಲಿ, ಗುಲ್ಬರ್ಗ, ರಾಯಚೂರು, ಬೀದರ್ ಹೈದರಾಬಾದಿನಲ್ಲಿ, ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದ್ರಾಸಿನಲ್ಲಿ, ಕೊಡಗು ತಾನೇ ಒಂದು ರಾಜ್ಯ. ಇವರೆಲ್ಲರ ಒಪ್ಪಿಗೆ ಬೇಕು ಅಂದಿದ್ದರೆ, ಒಂದೇ ಒಂದು ವಿಧಾನಸಭೆ ತಲೆ ಅಲ್ಲಾಡಿಸಿದ್ದರೂ ಏಕೀಕರಣ ಅಲ್ಲಿಗೇ ನಿಲ್ಲುತ್ತಿತ್ತು. ಹಾಗಾಗಿ ಈ ವಿಧಿಯನ್ನು ಕೇಂದ್ರದ ದಬ್ಬಾಳಿಕೆ ಎಂದಷ್ಟೇ ನೋಡಲು ನನಗೆ ಮನಸ್ಸಾಗುವುದಿಲ್ಲ. ನಾವು ಒಂದಾಗಿದ್ದು ಇದರಿಂದಲೇ.

ಆದರೆ ಇದೇ ವಿಧಿ ಕೆಲವರನ್ನು ಆಚೆಗೂ ಬಿಟ್ಟಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಜಿಲ್ಲೆಯ ಹೆಸರಿನ ಪಕ್ಕದಲ್ಲೇ ಕೈಬಿಟ್ಟ ತಾಲ್ಲೂಕುಗಳ ಹೆಸರಿವೆ. ಗುಲ್ಬರ್ಗದಲ್ಲಿ ಕೊಡಂಗಲ್ ಮತ್ತು ತಾಂಡೂರು ಬಿಟ್ಟು, ರಾಯಚೂರಿನಲ್ಲಿ ಆಲಂಪುರ ಮತ್ತು ಗದ್ವಾಲ್ ಬಿಟ್ಟು, ಬೆಳಗಾವಿಯಲ್ಲಿ ಚಂದಗಡ ಬಿಟ್ಟು, ದಕ್ಷಿಣ ಕನ್ನಡದಲ್ಲಿ ಕಾಸರಗೋಡು ಬಿಟ್ಟು. ಒಂದೊಂದು ‘ಬಿಟ್ಟು’ ಕೂಡ ಅಲ್ಲಿನ ಜನರ ಶಾಲೆ, ಕಚೇರಿ, ಕೋರ್ಟಿನ ಭಾಷೆಯನ್ನು ನಿರ್ಧರಿಸಿತು. ಕಾಸರಗೋಡಿನವರು ಅದರ ಪರಿಣಾಮವನ್ನು ಈಗಲೂ ಅನುಭವಿಸುತ್ತಿದ್ದಾರೆ.

‘ಕೇಳುವುದು’ ಎಂದರೆ ಎಷ್ಟು ಕೇಳಬೇಕು ಅನ್ನುವ ಪ್ರಶ್ನೆಯೂ ಆಗಲೇ ಎದ್ದಿತು. 1956ರ ಮಸೂದೆಯಲ್ಲಿ ಮೊದಲಿಗೆ ಮಹಾರಾಷ್ಟ್ರ, ಗುಜರಾತ್ ಬೇರೆ ಬೇರೆ ರಾಜ್ಯಗಳು, ಮುಂಬೈ ನಗರ ಕೇಂದ್ರಾಡಳಿತ ಪ್ರದೇಶ ಎಂದಿತ್ತು. ಸಂಸತ್ತು ಅದನ್ನು ಬದಲಿಸಿ ಒಂದೇ ದೊಡ್ಡ ಮುಂಬೈ ರಾಜ್ಯ ಮಾಡಿತು. ನಮ್ಮನ್ನು ಕೇಳಿದ್ದೇ ಒಂದು, ಮಾಡಿದ್ದೇ ಇನ್ನೊಂದು ಎಂದು ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ವಾದ ನಡೆಯಿತು. ಮಸೂದೆಗೆ ತಿದ್ದುಪಡಿ ಆದಾಗಲೆಲ್ಲ ಮತ್ತೆ ರಾಜ್ಯಕ್ಕೆ ಕಳಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಂದಿಗೂ ಆ ಮಾತೇ ಆಧಾರ.

ತೆಲಂಗಾಣದಲ್ಲಿ ಆಗಿದ್ದು ನೆನಪಿರಬಹುದು. ಮಸೂದೆಯನ್ನು ಆಂಧ್ರಪ್ರದೇಶ ವಿಧಾನಸಭೆಗೆ ಕಳಿಸಿದರು, ಗಡುವನ್ನು ಒಂದು ವಾರ ವಿಸ್ತರಿಸಿದರು, ಕೊನೆಯ ದಿನ 2014ರ ಜನವರಿ 30ರಂದು ವಿಧಾನಸಭೆ ಧ್ವನಿಮತದಿಂದ ಅದನ್ನು ತಿರಸ್ಕರಿಸಿತು. ಫೆಬ್ರವರಿ 18ಕ್ಕೆ ಲೋಕಸಭೆಯಲ್ಲಿ, 20ಕ್ಕೆ ರಾಜ್ಯಸಭೆಯಲ್ಲಿ ಮಸೂದೆ ಪಾಸಾಯಿತು. ಜೂನ್ 2ಕ್ಕೆ ತೆಲಂಗಾಣ ಹುಟ್ಟಿತು. ಇದಕ್ಕೆ ತಿರುಗುಮುರುಗಾದದ್ದೂ ಇದೆ. ರಾಜ್ಯವನ್ನು ನಾಲ್ಕು ಮಾಡಿ ಎಂದು 2011ರಲ್ಲಿ ಉತ್ತರ ಪ್ರದೇಶದ ವಿಧಾನಸಭೆಯೇ ನಿರ್ಣಯ ಮಾಡಿ ಕಳಿಸಿತು, ಏನೂ ಆಗಲಿಲ್ಲ. ಅಂದರೆ ವಿಧಾನಸಭೆಯ ‘ಹೂಂ’ ಕೂಡ ಸಾಲದು, ‘ಉಹೂಂ’ ಕೂಡ ಸಾಲದು.

2019ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಇದು ಇನ್ನೂ ಮುಂದೆ ಹೋಯಿತು. ಅಭಿಪ್ರಾಯ ಹೇಳಬೇಕಾದ ವಿಧಾನಸಭೆಯೇ ಆಗ ಇರಲಿಲ್ಲ. ರಾಷ್ಟ್ರಪತಿ ಆಳ್ವಿಕೆ ಇತ್ತು, ಹಾಗಾಗಿ ಅದರ ಪರವಾಗಿ ಸಂಸತ್ತೇ ಅಭಿಪ್ರಾಯ ಕೊಟ್ಟುಕೊಂಡಿತು. ಒಂದು ರಾಜ್ಯ ಎರಡು ಕೇಂದ್ರಾಡಳಿತ ಪ್ರದೇಶವಾಯಿತು. 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಲಡಾಖ್ ಬೇರೆ ಮಾಡಿದ್ದನ್ನು ಎತ್ತಿಹಿಡಿಯಿತು. ಜಮ್ಮು ಮತ್ತು ಕಾಶ್ಮೀರಕ್ಕೆ ರಾಜ್ಯದ ಸ್ಥಾನ ಮರಳಿ ಕೊಡುತ್ತೇವೆ ಎಂದು ಕೇಂದ್ರ ಭರವಸೆ ಕೊಟ್ಟಿದ್ದರಿಂದ, ಇಡೀ ರಾಜ್ಯವನ್ನೇ ಕೇಂದ್ರಾಡಳಿತ ಪ್ರದೇಶ ಮಾಡಬಹುದಾ ಅನ್ನುವ ದೊಡ್ಡ ಪ್ರಶ್ನೆಗೆ ಕೋರ್ಟ್ ಉತ್ತರಿಸಲಿಲ್ಲ. ಉತ್ತರಿಸಬೇಕಿತ್ತು. ಅದು ಎಲ್ಲ ರಾಜ್ಯಗಳಿಗೂ ಸಂಬಂಧಿಸಿದ ಪ್ರಶ್ನೆ.

ಗಡಿ ಬದಲಿಸುವ ಅಧಿಕಾರ ಸಂಸತ್ತಿಗೆ ಇರಲಿ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕೇಳುವುದು ನಿಜವಾಗಿ ಕೇಳುವುದಾಗಿರಬೇಕು. ಜನ ಆರಿಸಿದ ವಿಧಾನಸಭೆ ಇರುವಾಗಲೇ ಕೇಳಬೇಕು, ಚರ್ಚೆಗೆ ಸಾಕಷ್ಟು ದಿನ ಕೊಡಬೇಕು, ಮಸೂದೆಯ ಸ್ವರೂಪವೇ ಬದಲಾದರೆ ಇನ್ನೊಮ್ಮೆ ಕಳಿಸಬೇಕು. ಬೆಳಗಾವಿ ವಿಷಯದಲ್ಲಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗಿನಿಂದ ಗಡಿ ತೀರ್ಮಾನ ಸಂಸತ್ತಿನ ಕೆಲಸ, ಕೋರ್ಟಿನದ್ದಲ್ಲ ಎಂದು ಕರ್ನಾಟಕ ಇದೇ 3ನೇ ವಿಧಿಯನ್ನು ಹಿಡಿದು ವಾದಿಸುತ್ತಿದೆ. ನಾಳೆ ಸಂಸತ್ತು ನಮ್ಮ ಗಡಿಗೇ ಕೈ ಹಾಕಿದರೆ, ನಮ್ಮನ್ನು ಸರಿಯಾಗಿ ಕೇಳಿ ಎಂದು ಹೇಳುವುದಕ್ಕೂ ನಮಗಿರುವುದು ಇದೇ ವಿಧಿ.