ಎಲ್‌ಪಿಎಸ್‌ಗೆ ಒಗ್ಗಿಹೋದ ಮ್ಯಾಕ್ರೋಫೇಜ್: ಎಂಡೋಟಾಕ್ಸಿನ್ ಟಾಲರೆನ್ಸ್ ಟಿಪ್ಪಣಿ

ಎಂಡೋಟಾಕ್ಸಿನ್ ಟಾಲರೆನ್ಸ್ (ಬ್ಯಾಕ್ಟೀರಿಯಾದ ವಿಷಕ್ಕೆ ಕೋಶ ಒಗ್ಗಿಕೊಳ್ಳುವುದು) ಅಂದ್ರೆ ಏನು ಅಂತ ಪರೀಕ್ಷೆಯಲ್ಲಿ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಬರೆಯುವುದು ಒಂದೇ ಸಾಲು: ಪದೇ ಪದೇ ವಿಷ ತಾಗಿದರೆ ಜೀವಕೋಶಕ್ಕೆ ಸುಸ್ತಾಗುತ್ತದೆ, ಸುಮ್ಮನಾಗುತ್ತದೆ. ಈ ಸಾಲಿಗೆ ಅರ್ಧ ಮಾರ್ಕ್ಸ್ ಸಿಕ್ಕರೂ ಜಾಸ್ತಿಯೇ. ಒಗ್ಗಿದ ಮ್ಯಾಕ್ರೋಫೇಜ್ (ಕ್ರಿಮಿಗಳನ್ನು ನುಂಗುವ ರಕ್ಷಣಾ ಕೋಶ) ಕೆಲವು ಕೆಲಸ ನಿಲ್ಲಿಸುತ್ತದೆ, ಕೆಲವನ್ನು ಮೊದಲಿಗಿಂತ ಚುರುಕಾಗಿ ಮಾಡುತ್ತದೆ. ಯಾವುದು ನಿಲ್ಲುತ್ತದೆ, ಯಾವುದು ಉಳಿಯುತ್ತದೆ, ಯಾಕೆ ಅನ್ನುವುದೇ ಈ ಟಾಪಿಕ್. ಟಿ-ಸೆಲ್ (ಇನ್ನೊಂದು ಬಗೆಯ ರಕ್ಷಣಾ ಕೋಶ) ಪಾಠದಲ್ಲಿ ಬರುವ, ನಮ್ಮ ದೇಹ ತನ್ನದೇ ಪ್ರೋಟೀನುಗಳ ಮೇಲೆ ಬೀಳದಂತೆ ತಡೆಯುವ ಟಾಲರೆನ್ಸ್ ಬೇರೆ. ಎರಡನ್ನೂ ಕಲಸಬೇಡಿ.

ಮೊದಲು ವಿಷದ ಕಥೆ. ಇ. ಕೋಲೈ, ಸಾಲ್ಮೊನೆಲ್ಲಾದಂಥ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಇರುತ್ತದೆ, ಚಿಕ್ಕದಾಗಿ ಎಲ್‌ಪಿಎಸ್. ಅದರಲ್ಲಿ ಉರಿ ಹಚ್ಚುವ ಭಾಗ ಲಿಪಿಡ್-ಎ. ಬ್ಯಾಕ್ಟೀರಿಯಾ ಸತ್ತ ಮೇಲೂ ವಿಷ ಉಳಿಯುತ್ತದೆ ಅಂತ 1892ರಲ್ಲಿ ರಿಚರ್ಡ್ ಫೈಫರ್ ಕಾಲರಾ ಬ್ಯಾಕ್ಟೀರಿಯಾ ಇಟ್ಟುಕೊಂಡು ತೋರಿಸಿದ, ಎಂಡೋಟಾಕ್ಸಿನ್ ಅನ್ನುವ ಹೆಸರೂ ಅವನದೇ. ಮನುಷ್ಯರಿಗೆ ಇದು ಎಷ್ಟು ಬೇಕು ಗೊತ್ತಾ? ಸ್ವಯಂಸೇವಕರ ಪ್ರಯೋಗಗಳಲ್ಲಿ ಕೆಜಿ ತೂಕಕ್ಕೆ 2ರಿಂದ 4 ನ್ಯಾನೋಗ್ರಾಂ ರಕ್ತಕ್ಕೆ ಕೊಡುತ್ತಾರೆ. ಅಷ್ಟಕ್ಕೇ ಚಳಿ, ತಲೆನೋವು, ಜ್ವರ. ರಕ್ತದಲ್ಲಿ ಟಿಎನ್‌ಎಫ್ (ಉರಿಯೂತ ಎಬ್ಬಿಸುವ ಸಂಕೇತ ಪ್ರೋಟೀನ್) ಸುಮಾರು ಒಂದೂವರೆ ಗಂಟೆಗೆ ತುದಿ ಮುಟ್ಟಿ ಇಳಿಯುತ್ತದೆ, ಜ್ವರ ಅದರ ಹಿಂದೆ ಬರುತ್ತದೆ. ಇದೇ ಡೋಸನ್ನು ಸತತ ಕೆಲವು ದಿನ ಕೊಟ್ಟರೆ ಟಿಎನ್‌ಎಫ್ ಏರುವುದೇ ಕಡಿಮೆಯಾಗುತ್ತದೆ.

ಇದು ಹೊಸ ಸಂಗತಿಯೇನಲ್ಲ. 1940ರ ದಶಕದಲ್ಲಿ ಪಾಲ್ ಬೀಸನ್ ಮೊಲಗಳಿಗೆ ದಿನಾ ಟೈಫಾಯಿಡ್ ಲಸಿಕೆ ಚುಚ್ಚಿ ಜ್ವರ ಅಳೆದ. ದಿನ ಕಳೆದ ಹಾಗೆ ಜ್ವರ ತಗ್ಗಿತು. ಆಂಟಿಬಾಡಿ ಬಂದಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಬೇರೆ ಬ್ಯಾಕ್ಟೀರಿಯಾದ ಜ್ವರಕಾರಕ ಕೊಟ್ಟರೂ ಆ ಮೊಲಗಳಿಗೆ ಜ್ವರ ಕಡಿಮೆಯೇ. ಒಂದೇ ಕ್ರಿಮಿಗೆ ಬೀಗ ಹಾಕುವ ಆಂಟಿಬಾಡಿಯಿಂದ ಇದು ಆಗುವ ಕೆಲಸವಲ್ಲ. ಆಮೇಲೆ ಅವನು ಥೊರೋಟ್ರಾಸ್ಟ್ (ಆಗ ಎಕ್ಸ್‌ರೇಗೆ ಬಳಸುತ್ತಿದ್ದ ಥೋರಿಯಂ ದ್ರವ) ಕೊಟ್ಟು ಲಿವರ್, ಸ್ಪ್ಲೀನಿನ ಭಕ್ಷಕ ಕೋಶಗಳಿಗೆ ಹೊಟ್ಟೆ ತುಂಬಿಸಿಬಿಟ್ಟ, ಜ್ವರ ವಾಪಸ್ ಬಂತು! ಮ್ಯಾಕ್ರೋಫೇಜ್‌ಗಳ ಕಡೆ ಬೆರಳು ತಿರುಗಿದ್ದು ಅಲ್ಲಿಂದ.

ಎಲ್‌ಪಿಎಸ್ ಅನ್ನು ಗುರುತಿಸುವುದು ಯಾರು ಅಂತ ಗೊತ್ತಾಗಲು 1998 ಬರಬೇಕಾಯಿತು. ಎಷ್ಟು ಎಲ್‌ಪಿಎಸ್ ಕೊಟ್ಟರೂ ಜಗ್ಗದ ಸಿ3ಎಚ್/ಎಚ್‌ಇಜೆ ಅನ್ನುವ ಇಲಿ ತಳಿಯಲ್ಲಿ ಕೆಟ್ಟಿದ್ದ ಜೀನ್ ಟಿಎಲ್‌ಆರ್-4 (ಕೋಶದ ಮೇಲೆ ಕೂತು ಎಲ್‌ಪಿಎಸ್ ಗುರುತಿಸುವ ರಿಸೆಪ್ಟರಿನದು) ಅಂತ ಬ್ರೂಸ್ ಬ್ಯೂಟ್ಲರ್ ತಂಡ ಹಿಡಿಯಿತು. 2011ರ ನೊಬೆಲ್‌ನಲ್ಲಿ ಅವನಿಗೂ ಪಾಲು ಬಂತು. ಸಂಕೇತ ಹೋಗುವ ದಾರಿ ಹೀಗೆ: ರಕ್ತದ ಎಲ್‌ಬಿಪಿ ಅನ್ನುವ ಪ್ರೋಟೀನ್ ಎಲ್‌ಪಿಎಸ್ ಹಿಡಿದು ಕೋಶದ ಮೇಲಿನ ಸಿಡಿ-14ಕ್ಕೆ ಕೊಡುತ್ತದೆ, ಅದು ಎಂಡಿ-2 ಮತ್ತು ಟಿಎಲ್‌ಆರ್-4 ಜೋಡಿಗೆ ದಾಟಿಸುತ್ತದೆ, ಕೋಶದ ಒಳಗೆ ಮೈಡಿ-88, ಐರಾಕ್‌ಗಳು, ಟ್ರಾಫ್-6 ಅನ್ನುವ ಪ್ರೋಟೀನುಗಳು ಒಂದರಿಂದ ಒಂದಕ್ಕೆ ಸಂಕೇತ ದಾಟಿಸುತ್ತವೆ, ಕೊನೆಗೆ ಎನ್‌ಎಫ್-ಕಪ್ಪಾ-ಬಿ ನ್ಯೂಕ್ಲಿಯಸ್ಸಿಗೆ ಹೋಗಿ ಟಿಎನ್‌ಎಫ್, ಐಎಲ್-6 ಜೀನ್‌ಗಳನ್ನು ಎಬ್ಬಿಸುತ್ತದೆ. ಟ್ರಿಫ್ ಅನ್ನುವ ಇನ್ನೊಂದು ಪ್ರೋಟೀನ್ ಕಡೆಯ ಕವಲು ಇಂಟರ್‌ಫೆರಾನ್-ಬೀಟಾಗೆ ಹೋಗುತ್ತದೆ. ಇಲ್ಲಿ ಅಷ್ಟು ಸಾಕು.

ಈಗ ಎರಡನೇ ಸಲ ಎಲ್‌ಪಿಎಸ್ ಬಂತು ಅಂದುಕೊಳ್ಳಿ. ಮೊದಲ ಸಲದ ಗಲಾಟೆಯಲ್ಲೇ ಕೋಶ ಬ್ರೇಕುಗಳನ್ನೂ ತಯಾರಿಸಿಟ್ಟಿರುತ್ತದೆ. ಐರಾಕ್-ಎಂ ಅನ್ನುವ ಪ್ರೋಟೀನ್ ಐರಾಕ್‌ಗಳ ಸರಪಳಿಯಲ್ಲಿ ಅಡ್ಡ ಕೂರುತ್ತದೆ. ಇದಿಲ್ಲದ ಇಲಿಗಳ ಮ್ಯಾಕ್ರೋಫೇಜ್‌ಗಳು ಸರಿಯಾಗಿ ಒಗ್ಗುವುದಿಲ್ಲ ಅಂತ 2002ರಲ್ಲಿ ತೋರಿಸಿದರು. ಎ-20 ಅನ್ನುವ ಎಂಜೈಮ್ ಟ್ರಾಫ್-6ರ ಮೇಲಿನ ಯುಬಿಕ್ವಿಟಿನ್ (ಸಂಕೇತ ಮುಂದೆ ಸಾಗಲು ಬೇಕಾದ ಪುಟ್ಟ ಪ್ರೋಟೀನ್) ಕಳಚುತ್ತದೆ. ಎಂಐಆರ್-146ಎ ಅನ್ನುವ ಪುಟ್ಟ ಆರ್‌ಎನ್‌ಎ ಐರಾಕ್-1 ಮತ್ತು ಟ್ರಾಫ್-6 ತಯಾರಾಗುವುದನ್ನೇ ತಗ್ಗಿಸುತ್ತದೆ. ತಮಾಷೆ ಏನು ಅಂದ್ರೆ ಈ ಆರ್‌ಎನ್‌ಎಯನ್ನು ಎಬ್ಬಿಸುವುದೂ ಎನ್‌ಎಫ್-ಕಪ್ಪಾ-ಬಿಯೇ. ಇನ್ನು ಎನ್‌ಎಫ್-ಕಪ್ಪಾ-ಬಿಯ ಒಂದು ಭಾಗವಾದ ಪಿ-50 ಎರಡು ಸೇರಿ ಜೋಡಿಯಾದರೆ ಡಿಎನ್‌ಎ ಮೇಲೆ ಜಾಗ ಹಿಡಿದು ಕೂರುತ್ತವೆ, ಕೆಲಸ ಮಾಡುವುದಿಲ್ಲ, ಕೆಲಸ ಮಾಡುವ ಪಿ-65ಕ್ಕೆ ಜಾಗವನ್ನೂ ಬಿಡುವುದಿಲ್ಲ.

ಇಷ್ಟೇ ಆಗಿದ್ದರೆ "ಸುಸ್ತಾಯಿತು" ಅನ್ನುವವರೇ ಗೆಲ್ಲುತ್ತಿದ್ದರು. ಯಾಕಂದ್ರೆ ದಾರಿಯ ಶುರುವಿನಲ್ಲೇ ಬ್ರೇಕ್ ಬಿದ್ದರೆ ಎಲ್ಲ ಜೀನ್‌ಗಳೂ ಒಟ್ಟಿಗೆ ಮಲಗಬೇಕು. ಹಾಗಾಗುವುದಿಲ್ಲ. 2007ರಲ್ಲಿ ಮೆಡ್ಜಿಟೊವ್ ಲ್ಯಾಬಿನವರು ಎರಡನೇ ಸಲ ಎಲ್‌ಪಿಎಸ್ ಕೊಟ್ಟು ಜೀನ್‌ಗಳನ್ನು ನೋಡಿದಾಗ ಎರಡು ಗುಂಪು ಕಂಡಿತು. ಐಎಲ್-6ರಂಥ ಉರಿಯೂತದ ಜೀನ್‌ಗಳು ಮಲಗಿದ್ದವು. ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್‌ಗಳಂಥ ಜೀನ್‌ಗಳು ಎದ್ದೇ ಇದ್ದವು, ಕೆಲವು ಮೊದಲಿಗಿಂತ ಬೇಗ ಎದ್ದವು. ಸಂಕೇತ ಒಂದೇ, ಉತ್ತರ ಎರಡು. ವ್ಯತ್ಯಾಸ ಇದ್ದದ್ದು ಕ್ರೊಮ್ಯಾಟಿನ್‌ನಲ್ಲಿ, ಅಂದ್ರೆ ಡಿಎನ್‌ಎ ಮತ್ತು ಅದು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳಲ್ಲಿ: ಮಲಗಿದ ಜೀನ್‌ಗಳ ಬಳಿ ಹಿಸ್ಟೋನ್-4ರ ಅಸಿಟೈಲ್ ಗುರುತು, ಹಿಸ್ಟೋನ್-3ರ ನಾಲ್ಕನೇ ಲೈಸಿನ್ ಮೇಲಿನ ಮೀಥೈಲ್ ಗುರುತು (ಎರಡೂ ಜೀನ್ ಓದಲು ತೆರೆದಿದೆ ಅನ್ನುವ ಗುರುತುಗಳು) ಎರಡನೇ ಸಲ ಮೂಡಲಿಲ್ಲ, ಎದ್ದ ಜೀನ್‌ಗಳ ಬಳಿ ಮೂಡಿದವು. ಪರೀಕ್ಷೆಯ ಉತ್ತರದಲ್ಲಿ ಈ ಭಾಗ ಬಿಟ್ಟರೆ ಟಾಪಿಕ್ಕೇ ಬಿಟ್ಟ ಹಾಗೆ.

ಆಗುಂಬೆ ಕಡೆ ಜುಲೈ ಮಳೆಗೆ ಯಾರೂ ಅಂಗಳಕ್ಕೆ ಓಡಿಬಂದು ಕೂಗುವುದಿಲ್ಲ, ಆದರೆ ತೋಟದ ಬಸಿಗಾಲುವೆ ಬಿಡಿಸುವ ಕೆಲಸ ಒಂದು ದಿನವೂ ತಪ್ಪುವುದಿಲ್ಲ. ಒಗ್ಗಿದ ಮ್ಯಾಕ್ರೋಫೇಜೂ ಹೀಗೇ. ಕೂಗಾಟ ನಿಲ್ಲುತ್ತದೆ, ಬ್ಯಾಕ್ಟೀರಿಯಾ ನುಂಗುವುದು ನಡೆದೇ ಇರುತ್ತದೆ.

ಹಾಗಂತ ಇದು ಬರೀ ಒಳ್ಳೆಯದು ಅಂತ ಬರೆಯಬೇಡಿ. ಸೆಪ್ಸಿಸ್ (ಸೋಂಕಿಗೆ ದೇಹದ ಪ್ರತಿಕ್ರಿಯೆ ಕೈಮೀರಿ ಅಂಗಾಂಗ ಕೆಡುವ ಸ್ಥಿತಿ) ಆಗಿ ಮೊದಲ ಹೊಡೆತದಲ್ಲಿ ಬದುಕಿದ ರೋಗಿಯ ಮೋನೋಸೈಟ್‌ಗಳನ್ನು (ರಕ್ತದಲ್ಲಿರುವ, ಮ್ಯಾಕ್ರೋಫೇಜ್‌ನ ಬಂಧು ಕೋಶಗಳು) ಟ್ಯೂಬಿನಲ್ಲಿ ಎಲ್‌ಪಿಎಸ್ ಜೊತೆ ಇಟ್ಟರೆ ಟಿಎನ್‌ಎಫ್ ಹೆಚ್ಚು ಬರುವುದಿಲ್ಲ. ಅವುಗಳ ಮೇಲಿನ ಎಚ್‌ಎಲ್‌ಎ-ಡಿಆರ್ ಇಳಿದಿರುತ್ತದೆ, ಅಂದ್ರೆ ಟಿ-ಸೆಲ್‌ಗೆ ಆಂಟಿಜೆನ್ (ಕ್ರಿಮಿಯ ತುಣುಕು) ತೋರಿಸುವ ಶಕ್ತಿ ಕುಗ್ಗಿರುತ್ತದೆ. ಇದು ದಿನಗಟ್ಟಲೆ ಏರದೇ ಹೋದರೆ ಐಸಿಯುನಲ್ಲಿ ಎರಡನೇ ಸೋಂಕು ಅಂಟುವ ಅಪಾಯ ಜಾಸ್ತಿ. ಮೊದಲ ದಿನ ಉರಿ ಜಾಸ್ತಿಯಾಗಿ ಸಾಯಬಹುದು, ಹತ್ತನೇ ದಿನ ಉರಿಯೇ ಇಲ್ಲದೆ ಸಾಯಬಹುದು. ಉರಿಯೂತ ತಗ್ಗಿಸುವ ಔಷಧಿಗಳು ಸೆಪ್ಸಿಸ್‌ನಲ್ಲಿ ಒಂದರ ಹಿಂದೆ ಒಂದು ಸೋತದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ನಮ್ಮ ಶಿವಮೊಗ್ಗದವರು ಉದಾಹರಣೆ ಕೊಡುವಾಗ ಎರಡು ಕಡೆ ಎಚ್ಚರ ಇರಲಿ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಹೊತ್ತ, 1957ರಲ್ಲಿ ಗುರುತಿಸಿದ ಮಂಗನಕಾಯಿಲೆಯನ್ನು ಇಲ್ಲಿ ಎಳೆದು ತರಬೇಡಿ, ಅದು ವೈರಸ್, ಅದರಲ್ಲಿ ಎಲ್‌ಪಿಎಸ್ ಇಲ್ಲ. ಇಲಿಜ್ವರ ಬ್ಯಾಕ್ಟೀರಿಯಾದ್ದೇ, ಲೆಪ್ಟೋಸ್ಪೈರಾಕ್ಕೆ ಎಲ್‌ಪಿಎಸ್ ಕೂಡ ಇದೆ, ಆದರೆ ಅದರ ಲಿಪಿಡ್-ಎ ವಿಚಿತ್ರ. ಮನುಷ್ಯರ ಟಿಎಲ್‌ಆರ್-4 ಅದನ್ನು ಗುರುತಿಸುವುದಿಲ್ಲ, ಟಿಎಲ್‌ಆರ್-2 ಗುರುತಿಸುತ್ತದೆ. ಇಲಿಯ ಟಿಎಲ್‌ಆರ್-4 ಮಾತ್ರ ಗುರುತಿಸುತ್ತದೆ! ಗದ್ದೆ ನೀರಿನಿಂದ ಬರುವ ಕಾಯಿಲೆ ಅಂತ ಸುಮ್ನೆ ಟೈಫಾಯಿಡ್ ಪಕ್ಕ ಕೂರಿಸಿದರೆ ತಪ್ಪಾಗುತ್ತದೆ.

ಕೊಟ್ಟಿಗೆಯ ಉದಾಹರಣೆ ಬೇಕಾದರೆ ಧೈರ್ಯವಾಗಿ ಕೊಡಿ. ಸಗಣಿ, ಹುಲ್ಲಿನ ದೂಳಿನಲ್ಲಿ ಎಲ್‌ಪಿಎಸ್ ಧಾರಾಳ. ಯೂರೋಪಿನಲ್ಲಿ ದನದ ಕೊಟ್ಟಿಗೆ ಇರುವ ಮನೆಯ ಮಕ್ಕಳಿಗೆ ಅಲರ್ಜಿ, ಆಸ್ತಮಾ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. 2015ರಲ್ಲಿ ಇಲಿಗಳಿಗೆ ಕಡಿಮೆ ಡೋಸಿನ ಎಲ್‌ಪಿಎಸ್ ಅಥವಾ ಫಾರ್ಮ್ ದೂಳು ಪದೇ ಪದೇ ಕೊಟ್ಟಾಗ ದೂಳಿನ ನುಸಿಯ ಅಲರ್ಜಿ ಬರಲಿಲ್ಲ. ಶ್ವಾಸಕೋಶದ ಒಳಪದರದಲ್ಲಿ ಎ-20 ತೆಗೆದ ಇಲಿಗಳಿಗೆ ಈ ರಕ್ಷಣೆ ಸಿಗಲಿಲ್ಲ. ಮೇಲೆ ಬಂದ ಅದೇ ಎ-20, ಈ ಸಲ ಮ್ಯಾಕ್ರೋಫೇಜ್ ಬಿಟ್ಟು ಎಪಿಥೀಲಿಯಂನಲ್ಲಿ, ಅಂದ್ರೆ ಆ ಒಳಪದರದಲ್ಲಿ.

ಒಗ್ಗಿದ್ದು ಬಿಡುತ್ತದೆಯಾ? ಬಿಡುತ್ತದೆ. ಬೀಸನ್‌ನ ಮೊಲಗಳಲ್ಲೂ ಚುಚ್ಚುವುದು ನಿಲ್ಲಿಸಿ ಕೆಲವು ವಾರವಾದ ಮೇಲೆ ಜ್ವರ ಮತ್ತೆ ಬರುತ್ತಿತ್ತು. ಲ್ಯಾಬಿನಲ್ಲಿ ಇಂಟರ್‌ಫೆರಾನ್-ಗಾಮಾ ಅನ್ನುವ ಸಂಕೇತ ಪ್ರೋಟೀನ್ ಕೊಟ್ಟರೆ ಮೋನೋಸೈಟ್‌ಗಳ ಎಚ್‌ಎಲ್‌ಎ-ಡಿಆರ್, ಟಿಎನ್‌ಎಫ್ ಏರುತ್ತವೆ. 2016ರಲ್ಲಿ ಎಲ್‌ಪಿಎಸ್ ಪಡೆದ ಸ್ವಯಂಸೇವಕರ ಮೋನೋಸೈಟ್‌ಗಳನ್ನು ಹೊರತೆಗೆದು, ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಇರುವ ಬೀಟಾ-ಗ್ಲುಕಾನ್ ಜೊತೆ ಇಟ್ಟಾಗ, ಮಲಗಿದ್ದ ಜೀನ್‌ಗಳ ಹಿಸ್ಟೋನ್ ಗುರುತುಗಳು ಬಹುಪಾಲು ವಾಪಸ್ ಬಂದವು, ಟಿಎನ್‌ಎಫ್ ಮತ್ತು ಐಎಲ್-6 ಕೂಡ.